ನಾಯಿಮರಿ ಪಂಜರ ತಂದು ಕೋಳಿ ಸೇರಿಸಿದ್ದು: 36 ಇಂಚಿನ ಮಡಚುವ ಪಂಜರದ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಇದು ನಾಯಿಮರಿಗೆ ಅಂತ ಮಾರುವ ಪಂಜರ. ಕಪ್ಪು ಬಣ್ಣ ಹೊಡೆದ ಕಬ್ಬಿಣದ ತಂತಿ, 36 ಇಂಚು ಉದ್ದ, ಎರಡು ಬಾಗಿಲು, ಕೆಳಗೆ ಎಳೆದು ತೆಗೆಯುವ ಪ್ಲಾಸ್ಟಿಕ್ ಟ್ರೇ. ಮೈಸೂರಿನ ಒಂದು ಅಂಗಡಿಯಲ್ಲಿ 3,400 ಅಂದರು, ಚೌಕಾಸಿ ಮಾಡಿ 3,100ಕ್ಕೆ ತಂದೆ. ಕೋಳಿಗೆ ಅಂದ ತಕ್ಷಣ ಅಂಗಡಿಯವನು ನನ್ನ ಮುಖವನ್ನೇ ನೋಡಿದ. ಆ ದುಡ್ಡಿಗೆ ಎಷ್ಟು ಕೋಳಿ ಬರುತ್ತೆ ಅಂತ ಅವನ ಲೆಕ್ಕ. ಲೆಕ್ಕ ಸರಿಯೇ ಬಿಡಿ.

ನಮ್ಮ ಮನೆ ಬೋಗಾದಿ ಕಡೆ. ಹಿತ್ತಲಲ್ಲಿ ನಾಲ್ಕು ನಾಟಿ ಹ್ಯಾಟೆ, ಎರಡು ಗಿರಿರಾಜ ತಳಿಯವು, ಒಂದು ಹುಂಜ. ಮಾರ್ಚ್‌ನಲ್ಲಿ ಗೇಟು ತೆರೆದಿದ್ದ ಹೊತ್ತಲ್ಲಿ ಬೀದಿ ನಾಯಿ ನುಗ್ಗಿ ಕೆಂಪಿ ಅನ್ನುವ ಹ್ಯಾಟೆಯ ಬೆನ್ನಿಗೆ ಬಾಯಿ ಹಾಕಿತು. ಜೀವ ಉಳಿದಿದ್ದೇ ಹೆಚ್ಚು. ಪಶು ವೈದ್ಯರು ಗಾಯ ತೊಳೆದು ಇಂಜೆಕ್ಷನ್ ಕೊಟ್ಟರು. ಅದಾದ ಮೇಲೆ 18 ದಿನ ಅವಳು ನಮ್ಮ ಸ್ಟೋರ್ ರೂಮಿನಲ್ಲೇ ಇದ್ದಳು, ಅಕ್ಕಿ ಮೂಟೆ ಪಕ್ಕ, ಹಳೇ ಸೀರೆ ಹಾಸಿಗೆ ಮೇಲೆ, ಮಹಾರಾಣಿ ಥರ.

ಗಾಯ ಒಣಗಿತು, ಪುಕ್ಕ ಚಿಗುರುತ್ತಿತ್ತು. ಸರಿ, ಅವಳ ಮನೆಯವರೇ ಅಲ್ವಾ ಅಂತ ಒಂದು ಬೆಳಿಗ್ಗೆ ಸುಮ್ನೆ ಎತ್ತಿಕೊಂಡು ಹೋಗಿ ಹಿತ್ತಲಿಗೆ ಬಿಟ್ಟೆ. ಎರಡು ನಿಮಿಷ ಕೂಡ ಆಗಲಿಲ್ಲ. ಗೌಡ್ತಿ, ಅಂದರೆ ನಮ್ಮ ಹಿತ್ತಲಿನ ಯಜಮಾನಿ ಹ್ಯಾಟೆ, ಕತ್ತಿನ ಪುಕ್ಕ ಕೆದರಿಕೊಂಡು ಬಂದವಳೇ ಜುಟ್ಟು ಹಿಡಿದಳು, ಅವಳನ್ನು ನೋಡಿ ಉಳಿದವೂ ಶುರು ಹಚ್ಚಿಕೊಂಡವು, ರಕ್ತ ಕಂಡ ಮೇಲಂತೂ ಕೇಳಬೇಡಿ. ಕೋಳಿಗಳಿಗೆ ಕೆಂಪು ಕಂಡರೆ ಕುಕ್ಕಲೇಬೇಕು. ಜುಟ್ಟಿನ ಗಾಯಕ್ಕೆ ಮತ್ತೆ ನೇರಳೆ ಔಷಧ ಬಳಿದು ವಾಪಸ್ ಸ್ಟೋರ್ ರೂಮಿಗೆ. ನೇರಳೆ ಬಳಿದರೆ ಕೆಂಪು ಮುಚ್ಚಿಹೋಗುತ್ತೆ, ಅದೂ ಒಂದು ಉಪಕಾರ.

ತಪ್ಪು ಕೆಂಪಿಯದಲ್ಲ, ಗೌಡ್ತಿಯದೂ ಅಲ್ಲ. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಅನ್ನುವ ಸಾಲು ಇರುತ್ತೆ. ನಾರ್ವೆಯ ಪ್ರಾಣಿ ವಿಜ್ಞಾನಿ ಶೆಲ್ಡರುಪ್ ಎಬ್ಬೆ ಅನ್ನುವವರು 1920ರ ದಶಕದಲ್ಲೇ ಇದನ್ನು ವಿವರವಾಗಿ ಬರೆದಿದ್ದರು. ನಮ್ಮೂರ ಅಜ್ಜಿಯರಿಗೆ ಅದಕ್ಕೂ ಮೊದಲೇ ಗೊತ್ತಿರುತ್ತೆ ಬಿಡಿ. ಒಂದು ಕೋಳಿ ಎರಡು ಮೂರು ವಾರ ಕಣ್ಣಿಗೆ ಬೀಳದಿದ್ದರೆ ಸಾಲಿನಲ್ಲಿ ಅದರ ಜಾಗ ಹೋಯಿತು ಅಂತಲೇ ಲೆಕ್ಕ. ವಾಪಸ್ ಬಂದರೆ ಹೊಸಬಳು. ಹಾಗಾಗಿ ನನಗೆ ಬೇಕಾಗಿದ್ದು ಅವಳನ್ನು ಬಚ್ಚಿಡುವ ಪಂಜರ ಅಲ್ಲ. ಎಲ್ಲರಿಗೂ ಕಾಣಬೇಕು, ಯಾರ ಕೊಕ್ಕಿಗೂ ಸಿಗಬಾರದು.

ಮೊದಲು ಬಂಬೂ ಬಜಾರಿಗೆ ಹೋಗಿ ಬಿದಿರಿನ ಮಂಕರಿ ನೋಡಿದೆ. ಅಗ್ಗ, ಹಗುರ, ಮರಿ ಮುಚ್ಚಿಡೋಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ಒಳಗೆ ಮೇವು ನೀರು ಇಡೋಕೆ ಜಾಗ ಸಾಲಲ್ಲ, ವಾರಗಟ್ಟಲೆ ದೊಡ್ಡ ಕೋಳಿ ಅದರೊಳಗೆ ಇರೋದು ಕಷ್ಟ. ಆಮೇಲೆ ಈ ಪಂಜರ ಸಿಕ್ಕಿತು.

ಒಳ್ಳೆಯದು ಮೊದಲು. ಬಿಚ್ಚಿ ನಿಲ್ಲಿಸೋಕೆ ಐದು ನಿಮಿಷ ಸಾಕು, ಸ್ಕ್ರೂ ಗೀಕ್ರೂ ಇಲ್ಲ. ಒಬ್ಬಳೇ ಎತ್ತಬಹುದು, ಹಗಲು ಹಿತ್ತಲಿಗೆ, ರಾತ್ರಿ ಕೋಳಿ ಮನೆ ಒಳಗೆ. ಟ್ರೇ ಎಳೆದು ತೊಳೆದರೆ ಆಯಿತು. ಮೇಲಕ್ಕೂ ತಂತಿ ಇರುವುದರಿಂದ ಗೋಣಿಚೀಲ ಒದ್ದೆ ಮಾಡಿ ಹೊದಿಸಿದೆ, ಏಪ್ರಿಲ್ ಬಿಸಿಲಿಗೆ ಅದು ಬೇಕೇ ಬೇಕು. ಇಲ್ಲದಿದ್ದರೆ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತೆ.

ಈಗ ದೂರು. ತಂತಿಗಳ ನಡುವಿನ ಸಂದು ಒಂದು ಇಂಚಿಗೂ ಜಾಸ್ತಿ. ನಾಯಿಮರಿಗೆ ಸರಿ, ಕೋಳಿಗೆ ಅಲ್ಲ. ಮೊದಲ ದಿನವೇ ಕೆಂಪಿ ಕತ್ತು ಹೊರಗೆ ಹಾಕಿದಳು, ಗೌಡ್ತಿ ಕಾದುಕೊಂಡೇ ಇದ್ದಳು, ಮತ್ತೆ ಜುಟ್ಟಿಗೆ ಪೆಟ್ಟು. ಹಾರ್ಡ್‌ವೇರ್ ಅಂಗಡಿಯಿಂದ ಅರ್ಧ ಇಂಚಿನ ಜಾಲರಿ ತಂದು ಕೆಳಗಿನ ಒಂದೂವರೆ ಅಡಿಗೆ ಸುತ್ತಲೂ ಬಿಗಿದೆ, ಅದಕ್ಕೆ 240 ರೂಪಾಯಿ ಬೇರೆ, ಕೈಗೆ ಎರಡು ಗೀರು ಬೇರೆ. ಇದನ್ನು ಪಂಜರದ ಬೆಲೆಗೆ ಸೇರಿಸಿಕೊಂಡೇ ಕೊಳ್ಳಿ. ಇನ್ನೊಂದು, ಜೊತೆಗೆ ಕೊಟ್ಟ ನೀರಿನ ಬಟ್ಟಲು ನಿಲ್ಲಲ್ಲ, ದಿನಕ್ಕೆ ನಾಲ್ಕು ಸಲ ಮಗುಚಿತು. ತಂತಿಗೆ ಸಿಕ್ಕಿಸುವ ಬಟ್ಟಲು ಬೇರೆ ತಂದೆ.

ಜಾಲರಿ ಕಟ್ಟಿದ ಮೇಲೆ ಪಂಜರ ತನ್ನ ಕೆಲಸ ಮಾಡಿತು. ಹಿತ್ತಲಿನ ನಟ್ಟನಡುವೆ ಇಟ್ಟೆ. ಮೊದಲೆರಡು ದಿನ ಗೌಡ್ತಿ ಸುತ್ತು ಹಾಕಿದ್ದೇ ಹಾಕಿದ್ದು, ತಂತಿಗೆ ಟಕ್ ಟಕ್ ಅಂತ ಕುಕ್ಕಿದ್ದೇ ಕುಕ್ಕಿದ್ದು. ಅವಳಿಗೂ ಬೇಜಾರಾಯಿತು ಅಂತ ಕಾಣುತ್ತೆ. ಜಾಲರಿಯ ಒಳಗೊಂದು ಹೊರಗೊಂದು ಮೇವಿನ ತಟ್ಟೆ ಅಕ್ಕಪಕ್ಕ ಇಟ್ಟು ರಾಗಿ, ನುಚ್ಚು ಹಾಕುತ್ತಿದ್ದೆ, ಹೊಟ್ಟೆಪಾಡು ಮುಂದೆ ಜಗಳ ನಿಧಾನಕ್ಕೆ ಕರಗುತ್ತೆ. ಮೂರನೇ ದಿನ ಪಂಜರದ ಪಕ್ಕದಲ್ಲೇ ಎರಡು ಕೋಳಿ ಗುಂಡಿ ತೋಡಿ ಮಣ್ಣಿನಲ್ಲಿ ಹೊರಳಾಡುತ್ತಿದ್ದವು. ಐದನೇ ದಿನ ಎಲ್ಲಕ್ಕಿಂತ ಸಾಧುವಾದ ಗಿರಿರಾಜ ಹ್ಯಾಟೆಯನ್ನು ಕೆಂಪಿ ಜೊತೆ ಒಳಗೆ ಬಿಟ್ಟೆ. ಇಬ್ಬರಿಗೂ ಜಾಗ ಸಾಕಾಯಿತು, ಇದಕ್ಕೇ 36 ಇಂಚಿಗಿಂತ ಚಿಕ್ಕದು ಬೇಡ ಅನ್ನುವುದು.

ಎಂಟನೇ ದಿನ ಸಂಜೆ, ಎಲ್ಲ ಅಡ್ಡಗೋಲು ಹತ್ತಿ ಕೂತ ಮೇಲೆ, ಇಬ್ಬರನ್ನೂ ಎತ್ತಿ ಪಕ್ಕಕ್ಕೆ ಕೂರಿಸಿದೆ. ಕತ್ತಲಲ್ಲಿ ಕೋಳಿಗೆ ಸರಿಯಾಗಿ ಕಣ್ಣು ಕಾಣಲ್ಲ, ಜಗಳ ಆಡೋಕೆ ಮನಸ್ಸೂ ಇರಲ್ಲ. ಆದರೆ ಬೆಳಕು ಹರಿಯೋ ಮೊದಲೇ ನಾವು ಎದ್ದು ಅಲ್ಲಿರಬೇಕು. ಮೇವು ಮೂರು ಕಡೆ ಹಾಕಿದೆ, ದಂಟಿನ ಸೊಪ್ಪು ಕಟ್ಟು ಮಾಡಿ ನೇತುಹಾಕಿದೆ. ಗೌಡ್ತಿ ಬಿಟ್ಟಳಾ? ಇಲ್ಲ. ಒಂದೆರಡು ಸಲ ಅಟ್ಟಿಸಿಕೊಂಡು ಹೋದರೆ ನಾನೂ ಸುಮ್ಮನಿರುತ್ತಿದ್ದೆ, ಸಾಲಿನಲ್ಲಿ ಜಾಗ ಸಿಗಬೇಕಾದರೆ ಅಷ್ಟು ಆಗಲೇಬೇಕು, ಆದರೆ ಇವಳು ಮೂಲೆಗೆ ಒತ್ತರಿಸಿ ಮೇವಿಗೇ ಬಿಡುತ್ತಿರಲಿಲ್ಲ.

ಆಗ ಪಂಜರ ಎರಡನೇ ಸಲ ಉಪಯೋಗಕ್ಕೆ ಬಂತು. ಗೌಡ್ತಿಯನ್ನೇ ಹಿಡಿದು ಒಳಗೆ ಹಾಕಿದೆ, ಮೂರು ದಿನ. ಅವಳು ಒಳಗಿದ್ದಷ್ಟು ಹೊತ್ತು ಹೊರಗಿನ ಸಾಲು ತಾನಾಗಿ ಅದಲು ಬದಲು ಆಯಿತು, ಕೆಂಪಿ ನಾಲ್ಕನೆಯವಳಾಗಿ ಸೇರಿಕೊಂಡಳು. ಗೌಡ್ತಿ ಹೊರಗೆ ಬಂದಾಗ ತಾನೇ ಹೊಸಬಳ ಥರ ಒಂದು ಗಳಿಗೆ ನಿಂತಳು. ಯಜಮಾನಿಕೆ ಪೂರ್ತಿ ಹೋಗಲಿಲ್ಲ, ಆ ಹಟ ಹೋಯಿತು. ಅವಳು ಬಂದ ಮೇಲೆ ಹುಂಜನ ಸರದಿ. ಅವನು ಜಗಳಕ್ಕೆ ಬರಲಿಲ್ಲ, ಪ್ರೀತಿ ಜಾಸ್ತಿ ಅವನದು, ಆದರೆ ಅವನು ಮೇಲೆ ಹತ್ತಿದರೆ ಕೆಂಪಿಯ ಬೆನ್ನಿನ ಎಳೇ ಚರ್ಮ ಅವನ ಉಗುರಿಗೆ ಕಿತ್ತುಬರುತ್ತೆ. ಪುಕ್ಕ ಪೂರ್ತಿ ಬರುವ ತನಕ ಹಗಲೆಲ್ಲ ಅವನಿಗೆ ಅದೇ ಪಂಜರ. ಕೂಗಿ ಕೂಗಿ ಪಕ್ಕದ ಮನೆಯವರಿಂದ ನನಗೆ ಬೈಗುಳ ಕೊಡಿಸಿದ.

ಎರಡು ತಿಂಗಳಾಯಿತು. ಟ್ರೇ ಗಟ್ಟಿಯಾಗಿದೆ. ಹಿಕ್ಕೆ ಬಿದ್ದ ಕಡೆ ಕೆಳಗಿನ ತಂತಿಯ ಬಣ್ಣ ಎದ್ದು ತುಕ್ಕು ಶುರುವಾಗಿದೆ, ತೊಳೆದು ಬಿಸಿಲಿಗೆ ಒಣಗಿಸದಿದ್ದರೆ ಬೇಗ ಹಾಳಾಗುತ್ತೆ. ಒಂದು ಬಾಗಿಲಿನ ಚಿಲಕ ಸಡಿಲ, ತಂತಿ ಸುತ್ತಿದ್ದೇನೆ. ನನ್ನಿಂದ ಐದಕ್ಕೆ ಮೂರೂವರೆ. ಎರಡೇ ಕೋಳಿ ಸಾಕಿರುವವರು ಇಷ್ಟು ದುಡ್ಡು ಹಾಕಬೇಡಿ, ಹಿತ್ತಲಿನ ಒಂದು ಮೂಲೆಗೆ ಜಾಲರಿ ಅಡ್ಡ ಕಟ್ಟಿದರೂ ಕೆಲಸ ಆಗುತ್ತೆ. ನಾಲ್ಕೈದಕ್ಕಿಂತ ಜಾಸ್ತಿ ಇದ್ದರೆ ತನ್ನಿ. ಹೋಗುವಾಗ ಟೇಪು ಜೇಬಲ್ಲಿರಲಿ, ಅಂಗಡಿಯಲ್ಲೇ ಸಂದು ಅಳೆಯಿರಿ. ಅಂಗಡಿಯವರು ನಕ್ಕರೆ ನಗಲಿ.