ಎದೆಯ ಗಂಟು ತೋರಿಸುತ್ತೆ ಅಂತ ಮಾರುವ ಕೆಂಪು ಟಾರ್ಚ್: ಎರಡು ತಿಂಗಳು ಬಳಸಿದ ಮೇಲೆ

5ಕ್ಕೆ 1 ಸ್ಟಾರ್ ಕೊಡುತ್ತಿದ್ದೇನೆ. ಯಾಕೆ ಅಂತ ಪೂರ್ತಿ ಬರೆಯುತ್ತೇನೆ, ದಯವಿಟ್ಟು ತಗೊಳ್ಳುವ ಮೊದಲು ಓದಿ.

ನಮ್ಮ ಚಿಕ್ಕಮ್ಮ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡು ಮೂರು ವರ್ಷ ಆಯಿತು. ಆಗಿನಿಂದ ನನಗೂ ಅಕ್ಕನಿಗೂ ಭಯ ಹೋಗಿಲ್ಲ. ಹಾಗಿರುವಾಗ ಫೋನಿನಲ್ಲಿ ಈ ಟಾರ್ಚ್‌ನ ಜಾಹೀರಾತು ಬಂತು. ನೋವಿಲ್ಲ, ಎಕ್ಸ್‌ರೇ ಇಲ್ಲ, ಯಾರ ಮುಂದೆಯೂ ಬಟ್ಟೆ ಬಿಚ್ಚಬೇಕಿಲ್ಲ, ನಿಯರ್ ಇನ್‌ಫ್ರಾರೆಡ್ (ಕೆಂಪಿನ ಆಚೆಗಿನ) ಬೆಳಕಿನಲ್ಲಿ ಮನೆಯಲ್ಲೇ ನೋಡಿಕೊಳ್ಳಿ ಅಂತ. 2,400 ರೂಪಾಯಿ. ಯೋಚನೆ ಮಾಡದೆ ತರಿಸಿದೆ.

ಬಳಸುವುದು ಸುಲಭ. ರೂಮಿನ ಲೈಟ್ ಆರಿಸಿ, ಕನ್ನಡಿ ಮುಂದೆ ನಿಂತು, ಎದೆಯ ಕೆಳಗಿನಿಂದ ಟಾರ್ಚ್ ಒತ್ತಿ ಹಿಡಿದರೆ ಎದೆಯೆಲ್ಲ ಕೆಂಪಗೆ ಬೆಳಗುತ್ತೆ, ರಕ್ತನಾಳಗಳು ಕಪ್ಪು ಗೆರೆಗಳ ಹಾಗೆ ಕಾಣುತ್ತವೆ. ಬ್ಯಾಟರಿಯೂ ಚೆನ್ನಾಗಿ ಬರುತ್ತೆ, ಆ ಒಂದು ಸ್ಟಾರ್ ಅದಕ್ಕೆ. ಜೊತೆಗೆ ಬಂದ ಚೀಟಿಯಲ್ಲಿ ಬರೆದಿರೋದು ಇಷ್ಟೇ: ಯಾವುದೇ ಗಂಟು ಇದ್ದರೂ ಕಪ್ಪಗೆ ಕಾಣುತ್ತೆ, ಕಂಡರೆ ಡಾಕ್ಟರ್ ಹತ್ತಿರ ಹೋಗಿ, ಕಾಣದಿದ್ದರೆ ನೆಮ್ಮದಿಯಾಗಿರಿ.

ಎರಡನೇ ವಾರ ನನಗೆ ಕಪ್ಪು ಕಲೆ ಕಂಡಿತು. ಎಡಗಡೆ, ಹುಣಸೆ ಬೀಜದಷ್ಟು. ಆ ರಾತ್ರಿ ನಿದ್ದೆ ಬರಲಿಲ್ಲ, ಮನೆಯವರಿಗೂ ಹೇಳಲಿಲ್ಲ, ಬೆಳಿಗ್ಗೆ ಮಗಳನ್ನು ಸ್ಕೂಲಿಗೆ ಬಿಟ್ಟು ಸೀದಾ ಆಸ್ಪತ್ರೆಗೆ ಹೋದೆ. ಡಾಕ್ಟರ್ ಕೈಯಿಂದ ಪರೀಕ್ಷೆ ಮಾಡಿ, ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ), ಅಲ್ಟ್ರಾಸೌಂಡ್ ಎರಡೂ ಮಾಡಿಸಿದರು. ಗಂಟೇ ಇರಲಿಲ್ಲ. ಗ್ಯಾಸ್ ಸಿಲಿಂಡರ್ ಸರಿಸುವಾಗ ಏಟು ಬಿದ್ದು ಚರ್ಮದ ಕೆಳಗೆ ಸ್ವಲ್ಪ ರಕ್ತ ಹೆಪ್ಪುಗಟ್ಟಿತ್ತು, ಅಷ್ಟೇ.

ಇದಕ್ಕಿಂತ ದೊಡ್ಡ ತೊಂದರೆ ಅಕ್ಕನ ಮನೆಯಲ್ಲಿ ಗೊತ್ತಾಯಿತು. ಅವಳಿಗೆ ಬಲಗಡೆ ಗೋಲಿ ಗಾತ್ರದ ಒಂದು ಗಂಟಿದೆ. ಬಯಾಪ್ಸಿ ಆಗಿದೆ, ಕ್ಯಾನ್ಸರ್ ಅಲ್ಲ. ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ಕೈಗೆ ಸಿಗುತ್ತೆ. ಟಾರ್ಚ್‌ನಲ್ಲಿ ಮೂರು ಸಲ ನೋಡಿದೆವು, ಏನೂ ಕಾಣಲಿಲ್ಲ. "ನನ್ನ ಗಂಟು ಎಲ್ಲಿ ಹೋಯ್ತೇ?" ಅಂದಳು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ, ಅದು ಕ್ಯಾನ್ಸರ್ ಗಂಟಲ್ಲ ಮೇಡಂ, ಅದಕ್ಕೇ ಕಾಣಲಿಲ್ಲ ಅಂದರು. ಹಾಗಾದರೆ ಚೀಟಿಯಲ್ಲಿ "ಯಾವುದೇ ಗಂಟು" ಅಂತ ಯಾಕೆ ಹಾಕಿದ್ದೀರಿ? ಮತ್ತೆ ನನ್ನ ಏಟಿನ ಕಲೆ ಕ್ಯಾನ್ಸರ್ ಆಗಿತ್ತಾ?

ಆಮೇಲೆ ಕೂತು ಓದಿದೆ. ಇದರ ಹಿಂದಿನ ವಿಜ್ಞಾನ ಸುಳ್ಳಲ್ಲ. ಕೊರೊನಾ ಸಮಯದಲ್ಲಿ ಮನೆಮನೆಯಲ್ಲೂ ಬೆರಳಿಗೆ ಆಕ್ಸಿಮೀಟರ್ ಹಾಕಿಕೊಂಡಿದ್ದೆವು ಅಲ್ವಾ? ಅದರಲ್ಲಿ ಎರಡು ಬೆಳಕು, ಸುಮಾರು 660 ನ್ಯಾನೋಮೀಟರ್‌ನ ಕೆಂಪು, 940ರ ಇನ್‌ಫ್ರಾರೆಡ್. ಆಕ್ಸಿಜನ್ ತುಂಬಿದ ರಕ್ತ ಮತ್ತು ಆಕ್ಸಿಜನ್ ಕಳೆದುಕೊಂಡ ರಕ್ತ ಈ ಎರಡನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ, ಆ ವ್ಯತ್ಯಾಸದಿಂದಲೇ ನಂಬರ್ ಬರುವುದು. ಎದೆಯಲ್ಲೂ ಇದೇ ದಾರಿ. ಕ್ಯಾನ್ಸರ್ ಗಡ್ಡೆ ಬೆಳೆಯುವಾಗ ಹೊಸ ರಕ್ತನಾಳಗಳನ್ನು ಎಳೆದುಕೊಳ್ಳುತ್ತೆ, ಹಾಗಾಗಿ ಅಲ್ಲಿ ಸಾಮಾನ್ಯವಾಗಿ ರಕ್ತ ಜಾಸ್ತಿ, ನೀರಿನಂಶ ಜಾಸ್ತಿ, ಕೊಬ್ಬು ಕಡಿಮೆ. ನಿಯರ್ ಇನ್‌ಫ್ರಾರೆಡ್ ಮೈಯೊಳಗೆ ಕೆಲವು ಸೆಂಟಿಮೀಟರ್ ಇಳಿಯುತ್ತೆ, ಹಲವು ಬಣ್ಣಗಳನ್ನು ಕಳಿಸಿ ವಾಪಸ್ ಬಂದದ್ದನ್ನು ಅಳೆದರೆ ಈ ಮೂರನ್ನೂ ಲೆಕ್ಕ ಹಾಕಬಹುದು.

ಆದರೆ ಅಳೆಯಬೇಕು. ಟಾರ್ಚ್ ಏನನ್ನೂ ಅಳೆಯುವುದಿಲ್ಲ, ನೋಡುವುದು ನಮ್ಮ ಕಣ್ಣು, ಮತ್ತು ನಮ್ಮ ಕಣ್ಣಿಗೆ ನಿಯರ್ ಇನ್‌ಫ್ರಾರೆಡ್ ಕಾಣುವುದೇ ಇಲ್ಲ! ಟಿವಿ ರಿಮೋಟ್ ಒತ್ತಿದಾಗ ಅದರ ಬೆಳಕು ಕಾಣುತ್ತಾ? ಇಲ್ಲ ತಾನೇ. ಹಾಗಾಗಿ ಡಬ್ಬಿ ಮೇಲೆ ಏನೇ ಬರೆದಿರಲಿ, ನಾನು ಎರಡು ತಿಂಗಳು ಕನ್ನಡಿಯಲ್ಲಿ ನೋಡಿದ್ದು ಬರೀ ಕೆಂಪು ಬೆಳಕನ್ನು. ಅದು ಹೊಸದೂ ಅಲ್ಲ. ಅಮೆರಿಕದ ಡಾಕ್ಟರ್ ಮ್ಯಾಕ್ಸ್ ಕಟ್ಲರ್ 1929ರಲ್ಲೇ ಎದೆಗೆ ದೀಪ ಹಿಡಿದು ನೋಡುವ ವಿಧಾನದ ಬಗ್ಗೆ ಬರೆದಿದ್ದರು. ಮೈಯೊಳಗೆ ಹೋದ ಬೆಳಕು ಹಾಲಿನಲ್ಲಿ ಹೋದ ಹಾಗೆ ಎಲ್ಲ ಕಡೆ ಚದುರುತ್ತೆ, ಆಳದಲ್ಲಿರುವ ಸಣ್ಣ ಗಂಟಿನ ನೆರಳು ಅದರಲ್ಲೇ ಕರಗಿಹೋಗುತ್ತೆ. ಮ್ಯಾಮೊಗ್ರಾಮ್‌ನಲ್ಲಿ ಕಾಣುವ ಸುಣ್ಣದ ಸಣ್ಣ ಕಣಗಳಂತೂ ಇದರಲ್ಲಿ ಕಾಣುವುದೇ ಇಲ್ಲ, ಎಷ್ಟೋ ಸಲ ಮೊದಲ ಸುಳಿವು ಅವೇ.

ನಿಜವಾದ ಕೆಲಸ ನಡೆದಿರುವುದು ಪ್ರಯೋಗಾಲಯಗಳಲ್ಲಿ. ಕ್ಯಾಲಿಫೋರ್ನಿಯಾದ ಅರ್ವೈನ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಟ್ರಾಂಬರ್ಗ್ ಅವರ ತಂಡ ನಿಯರ್ ಇನ್‌ಫ್ರಾರೆಡ್‌ನಿಂದ ಹೀಗೆ ಅಳೆಯುವ, ಕೈಯಲ್ಲಿ ಹಿಡಿಯುವ ಪ್ರೋಬ್ ಇರುವ ಯಂತ್ರ ಮಾಡಿತು. ಆಪರೇಷನ್‌ಗೆ ಮೊದಲು ಕೀಮೋ ತಗೊಳ್ಳುತ್ತಿದ್ದ ಮಹಿಳೆಯರಲ್ಲಿ ಔಷಧಿ ಕೆಲಸ ಮಾಡುತ್ತಿದೆಯಾ ಅಂತ ಒಂದೇ ವಾರದಲ್ಲಿ ಸುಳಿವು ಸಿಗಬಹುದು ಅಂತ 2007ರಲ್ಲಿ ಪ್ರಕಟಿಸಿದರು. ಅಲ್ಲಿ ಇದ್ದವರು ಬರೀ 11 ಜನ. ನಂತರ ಹಲವು ಆಸ್ಪತ್ರೆಗಳು ಸೇರಿ ಪರೀಕ್ಷೆ ಮಾಡಿದವು. ಗೊತ್ತಿರುವ ಗಡ್ಡೆಯನ್ನು ಗಮನಿಸುವುದಕ್ಕೆ ಇದು ಒಳ್ಳೆಯ ದಾರಿ ಅಂತ ನನಗೂ ಅನ್ನಿಸುತ್ತೆ, ಕೀಮೋದಲ್ಲಿ ಚಿಕ್ಕಮ್ಮ ಪಟ್ಟ ಕಷ್ಟ ನೋಡಿದವಳು ನಾನು. ಮನೆಯಲ್ಲಿ ಗಂಟು ಹುಡುಕುವುದು ಬೇರೆಯೇ ವಿಷಯ.

ಇನ್ನೊಂದು. ಬೆಂಗಳೂರಿನ ನಿರಾಮಯ್ ಕಂಪನಿಯವರ ಸ್ತನ ಪರೀಕ್ಷೆಯೂ ಇದೇ ಅಲ್ವಾ ಅಂತ ನಮ್ಮ ಓರಗಿತ್ತಿ ಕೇಳಿದಳು. ಅಲ್ಲ. ಅವರದ್ದು ಮೈಯಿಂದ ಹೊರಬರುವ ಶಾಖದ ಚಿತ್ರ ತೆಗೆದು ಕಂಪ್ಯೂಟರ್‌ನಲ್ಲಿ ನೋಡುವುದು, ಒಳಗೆ ಬೆಳಕು ಬಿಡುವುದಿಲ್ಲ.

ಎಕ್ಸ್‌ರೇ ಬೇಡ, ಖರ್ಚು ಬೇಡ ಅಂತ ಇದನ್ನು ತಗೊಳ್ಳುವವರು ಮುಂಬೈನಲ್ಲಿ ಟಾಟಾ ಆಸ್ಪತ್ರೆಯವರು 20 ವರ್ಷ ಮಾಡಿದ ಅಧ್ಯಯನದ ಬಗ್ಗೆ ತಿಳಿದುಕೊಳ್ಳಿ, 2021ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರೀ ಕೈಯಿಂದ ಪರೀಕ್ಷೆ ಮಾಡಿದ್ದು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್‌ನಿಂದ ಆಗುವ ಸಾವು ಸುಮಾರು 30% ಕಡಿಮೆಯಾಗಿತ್ತು.

ಡಬ್ಬಿ ಒಡೆದಿದೆ ಅಂತ ಟಾರ್ಚ್ ವಾಪಸ್ ತಗೊಳ್ಳಲಿಲ್ಲ, ದುಡ್ಡು ಹೋಯಿತು. ಮೊನ್ನೆ ನಮ್ಮ ಬೀದಿಯ ಒಬ್ಬರು ಎರಡು ದಿನಕ್ಕೆ ಅದನ್ನು ಕೊಡ್ತೀರಾ ಅಂತ ಕೇಳಿಕೊಂಡು ಬಂದರು. ಒಂದು ಕಡೆ ಮೊಲೆತೊಟ್ಟು ಒಳಗೆ ಎಳೆದುಕೊಂಡಿದೆಯಂತೆ, ಮಗನಿಗೆ ಹೇಳೋಕೆ ನಾಚಿಕೆಯಂತೆ. ಟಾರ್ಚ್ ಕೊಡಲಿಲ್ಲ. ಗುರುವಾರ ನಾನೇ ಅವರನ್ನು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ.