ಕೆಂಗೇರಿ ಉಪನಗರದ ಟೈರ್ ಅಂಗಡಿ: ಉಬ್ಬಿದ ಟೈರ್ ನೋಡಿ ‘ಓಡಿಸಬೇಡಿ’ ಅಂದವರು

ಬೆಂಗಳೂರಿನಲ್ಲಿ ಟೈರ್ ಅಂಗಡಿಗಳಿಗೆ ಬರವಿಲ್ಲ. ಆದರೆ ‘ಇದು ರಿಪೇರಿ ಆಗಲ್ಲ, ಇದರಲ್ಲಿ ಮನೆಗೂ ಹೋಗಬೇಡಿ’ ಅಂತ ಮುಖಕ್ಕೆ ಹೇಳುವವರು ಕಡಿಮೆ. ಕೆಂಗೇರಿ ಉಪನಗರದ ಒಳರಸ್ತೆಯಲ್ಲಿರುವ ಈ ಸಣ್ಣ ಅಂಗಡಿಯವರು ಹೇಳಿದರು. ಕಾಯಿಸಿದ್ದಕ್ಕೆ ಅರ್ಧ ಕಳೆದು 5ಕ್ಕೆ ನಾಲ್ಕೂವರೆ ಕೊಡುತ್ತಿದ್ದೇನೆ.

ಆಗಿದ್ದಿಷ್ಟು. ನಾಯಂಡಹಳ್ಳಿ ಹತ್ತಿರ ಮಳೆನೀರು ತುಂಬಿದ್ದ ಗುಂಡಿಗೆ ಎಡಗಡೆಯ ಮುಂದಿನ ಚಕ್ರ ಇಳಿದು ಧಡ್ ಅಂತ ಸದ್ದಾಯಿತು. ಗಾಳಿ ಇಳಿಯಲಿಲ್ಲ, ಸ್ಟೀರಿಂಗ್ ಕೂಡ ಎಳೆಯಲಿಲ್ಲ. ಮುಂದೆ ಹೋಗಿ ನಿಲ್ಲಿಸಿ ನೋಡಿದರೆ ಟೈರಿನ ಸೈಡಿನಲ್ಲಿ, ಕಂಪನಿ ಹೆಸರು ಇರುವ ಜಾಗದಲ್ಲೇ, ನಿಂಬೆಹಣ್ಣಿನ ಹೋಳಿನಷ್ಟು ಉಬ್ಬು. ಅಲ್ಲೇ ಹತ್ತಿರದ ಒಂದು ಅಂಗಡಿಯಲ್ಲಿ ತೋರಿಸಿದಾಗ ‘ಏನೂ ಆಗಲ್ಲ ಸಾರ್, ಗಾಳಿ ಸ್ವಲ್ಪ ಕಮ್ಮಿ ಇಟ್ಕೊಂಡು ಓಡಿಸಿ’ ಅಂದರು. ಇಂಥ ಸಲಹೆ ಕೇಳಿ ಕೋಪ ಬರುತ್ತದೆ. ಗಾಳಿ ಕಡಿಮೆಯಾದಷ್ಟೂ ಟೈರಿನ ಸೈಡ್ ಜಾಸ್ತಿ ಮಡಚುತ್ತದೆ, ಜಾಸ್ತಿ ಬಿಸಿಯಾಗುತ್ತದೆ. ಮೊದಲೇ ಏಟು ತಿಂದ ಜಾಗಕ್ಕೆ ಇನ್ನಷ್ಟು ಏಟು ಕೊಟ್ಟ ಹಾಗೆ, ಅಷ್ಟೇ. ಅಲ್ಲೇ ಸ್ಟೆಪ್ನಿ ಹಾಕಿಸಿಕೊಂಡು ಕೆಂಗೇರಿಗೆ ಬಂದೆ.

ಇಲ್ಲಿನ ಮಾಲೀಕರು ಡಿಕ್ಕಿಯಿಂದ ಟೈರ್ ಇಳಿಸಿ ಉಬ್ಬಿನ ಮೇಲೆ ಹೆಬ್ಬೆರಳು ಆಡಿಸಿದರು. ‘ಒಳಗಡೆ ದಾರ ಕಿತ್ತೋಗಿದೆ ಸಾರ್, ಇದು ಮುಗೀತು’ ಅಂದರು. ಮಾತಿನಲ್ಲೇ ಬಿಡಲಿಲ್ಲ. ಮಷಿನ್‌ಗೆ ಹಾಕಿ ಟೈರನ್ನು ರಿಮ್‌ನಿಂದ ಬಿಡಿಸಿ, ಒಳಗೆ ಟಾರ್ಚ್ ಹಿಡಿದು ಕರೆದು ತೋರಿಸಿದರು. ಒಳಪದರದಲ್ಲಿ ಉಗುರಿನಷ್ಟು ಉದ್ದದ ಸೀಳು. ಬೆರಳು ಇಟ್ಟರೆ ತುಂಡಾದ ನೂಲಿನ ತುದಿಗಳು ಒರಟಾಗಿ ಕೈಗೆ ತಾಗುತ್ತಿದ್ದವು.

ಇದನ್ನು ಕಾರು ಓಡಿಸುವ ಎಲ್ಲರೂ ತಿಳಿದಿರಬೇಕು. ರೇಡಿಯಲ್ ಟೈರಿನ ಸೈಡಿಗೆ ಬಲ ಕೊಡುವುದು ರಬ್ಬರ್ ಅಲ್ಲ, ಅದರೊಳಗೆ ಹೆಣೆದಿರುವ ಪಾಲಿಯೆಸ್ಟರ್ ದಾರಗಳು. ಗುಂಡಿಯ ಚೂಪು ಅಂಚು ಒಂದು ಕಡೆ, ರಿಮ್ ಇನ್ನೊಂದು ಕಡೆ, ನಡುವೆ ಟೈರ್ ಸಿಕ್ಕಿ ನಜ್ಜಾದಾಗ ದಾರ ಕಡಿದುಹೋಗುತ್ತದೆ. ಆಮೇಲೆ ಒಳಗಿನ 30ಕ್ಕೂ ಜಾಸ್ತಿ ಪಿಎಸ್‌ಐ ಒತ್ತಡವನ್ನು ಆ ಜಾಗದಲ್ಲಿ ತಡೆಯುತ್ತಿರುವುದು ಬರೀ ಹೊರಗಿನ ರಬ್ಬರ್. ಊರೊಳಗೆ ಟ್ರಾಫಿಕ್‌ನಲ್ಲಿ ತೆವಳುವಾಗ ತಡೆದುಕೊಳ್ಳಬಹುದು. ಮೈಸೂರು ಹೈವೇಯಲ್ಲಿ ಬಿಸಿಲಲ್ಲಿ 100ರ ವೇಗದಲ್ಲಿ ಹೋಗುವಾಗ ಸಿಡಿದರೆ? ಮುಂದಿನ ಚಕ್ರವಾದರೆ ಸ್ಟೀರಿಂಗ್ ಒಂದೇ ಕಡೆಗೆ ಎಳೆದುಕೊಂಡು ಹೋಗುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ಟೈರ್ ಒತ್ತಡದ ಲೈಟ್ ಇದೆಯಲ್ಲ ಅಂತ ನೆಮ್ಮದಿಯಾಗಿರಬೇಡಿ. ಉಬ್ಬಿದ ಟೈರಿನಲ್ಲಿ ಗಾಳಿ ಸರಿಯಾಗೇ ಇರುತ್ತದೆ, ಆ ಲೈಟ್ ಹತ್ತುವುದೇ ಇಲ್ಲ.

ಅಂಗಡಿಯವರ ಮೇಲೆ ನಂಬಿಕೆ ಬಂದಿದ್ದು ಇನ್ನೊಂದು ಕಾರಣಕ್ಕೆ. ಬಲಗಡೆಯ ಟೈರಿನ ಸೈಡಿನಲ್ಲಿ ಸಣ್ಣ ತಗ್ಗು ಕಾಣಿಸಿತು, ಅದನ್ನೂ ಬದಲಿಸಬೇಕಾ ಅಂತ ಕೇಳಿದೆ. ಹೂಂ ಅಂದಿದ್ದರೆ ಇನ್ನೊಂದು ಟೈರ್ ಮಾರಬಹುದಿತ್ತು, ಅಲ್ವಾ? ಅವರು ‘ಬೇಡ ಸಾರ್, ಅದು ಪದರ ಸೇರೋ ಜಾಗ, ಒಳಕ್ಕೆ ತಗ್ಗಿದ್ರೆ ಭಯ ಇಲ್ಲ, ಹೊರಕ್ಕೆ ಉಬ್ಬಿದ್ರೆ ಮಾತ್ರ ಬಿಡಬಾರದು’ ಅಂದರು. ಅವರು ಹೇಳಿದ್ದು ಸರಿ. ಹೊಸ ಟೈರುಗಳಲ್ಲೂ ಇಂಥ ತಗ್ಗು ಇರುತ್ತದೆ.

ಹಿಂದಿನ ಒಂದು ಟೈರಿಗೆ ಹಳೇ ಪಂಕ್ಚರ್ ಇತ್ತು. ಯಾರೋ ಹೊರಗಿಂದಲೇ ತೂತಿಗೆ ರಬ್ಬರ್ ದಾರ ಚುಚ್ಚಿ ಕಳಿಸಿದ್ದರು. ಇವರು ಟೈರ್ ಬಿಚ್ಚಿ ಒಳಗಿಂದ ಮಶ್ರೂಮ್ ಪ್ಯಾಚ್ (ಕಾಂಡ ತೂತು ತುಂಬಿ, ತಲೆ ಒಳಗೆ ಅಂಟಿಕೊಳ್ಳುವ ಅಣಬೆಯಾಕಾರದ ತೇಪೆ) ಹಾಕಿದರು. ರಸ್ತೆಗೆ ತಾಗುವ ಭಾಗದಲ್ಲಿ, 6 ಮಿ.ಮೀ. ಒಳಗಿನ ತೂತಾದರೆ ಇದು ಬಾಳುತ್ತದೆ. ಅಂಚಿನಲ್ಲಾದರೆ, ಸೈಡಿನಲ್ಲಾದರೆ ಯಾರು ಎಷ್ಟು ಧೈರ್ಯ ಹೇಳಿದರೂ ಪ್ಯಾಚ್ ಹಾಕಿಸಬೇಡಿ.

ನನ್ನ 185/65 ಆರ್15 ಸೈಜು ಅವರ ಹತ್ತಿರ ಇರಲಿಲ್ಲ. ಜೆ.ಸಿ. ರಸ್ತೆಯಿಂದ ತರಿಸಿದರು, ಅದಕ್ಕೇ ಅಷ್ಟು ಹೊತ್ತು ಕಾಯಬೇಕಾಯಿತು. ಬಂದ ಮೇಲೆ ನಾನು ಕೇಳುವ ಮೊದಲೇ ಸೈಡಿನಲ್ಲಿರುವ ತಯಾರಿಕೆಯ ನಂಬರ್ ತೋರಿಸಿದರು. ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2324 ಅಂದರೆ 2024ರ 23ನೇ ವಾರ. ರಿಯಾಯಿತಿ ಅಂತ ಹಳೇ ಸ್ಟಾಕ್ ತಳ್ಳುವವರಿದ್ದಾರೆ, ಹಣ ಕೊಡುವ ಮೊದಲು ಇದನ್ನು ನೋಡಿಕೊಳ್ಳಿ. ಹಳೇ ಟೈರುಗಳ ಗೀರಿನ ಆಳವನ್ನೂ ಅಳೆದರು. 1.6 ಮಿ.ಮೀ.ಗೆ ಇಳಿದರೆ ಬದಲಿಸಲೇಬೇಕು, ನನ್ನವು ಇನ್ನೂ ಚೆನ್ನಾಗಿದ್ದವು. ಹೊಸ ಟೈರನ್ನು ಹಿಂದಕ್ಕೆ ಹಾಕಿ, ಇದ್ದುದರಲ್ಲಿ ಕಡಿಮೆ ಸವೆದದ್ದನ್ನು ಅದರ ಜೊತೆಗೆ ಕೊಟ್ಟರು. ಮಳೆಯಲ್ಲಿ ಹಿಂದಿನ ಚಕ್ರ ಜಾರಿದರೆ ಗಾಡಿ ತಿರುಗಿಬಿಡುತ್ತದೆ, ಅದನ್ನು ಹಿಡಿಯುವುದು ಕಷ್ಟ, ಅದಕ್ಕೆ.

ಕೊರತೆಗಳೂ ಇವೆ. ಚಕ್ರಗಳ ಕೋನ ನೋಡಿ ಸರಿಮಾಡುವ ಅಲೈನ್‌ಮೆಂಟ್ ಮಷಿನ್ ಇಲ್ಲ. ಗುಂಡಿ ಏಟಾದ ಮೇಲೆ ಅದನ್ನು ಮಾಡಿಸಲೇಬೇಕು, ಹಾಗಾಗಿ ಬೇರೆ ಕಡೆ ಹೋಗಬೇಕಾಯಿತು. ಕೂರಲು ಒಂದು ಸ್ಟೂಲ್ ಬಿಟ್ಟರೆ ಏನಿಲ್ಲ, ರಸ್ತೆ ಸಣ್ಣದು, ಎರಡು ಕಾರು ನಿಂತರೆ ಮೂರನೆಯದಕ್ಕೆ ಜಾಗವಿಲ್ಲ. ಚಕ್ರದ ತೂಕ ಎಲ್ಲ ಕಡೆ ಸಮ ಮಾಡುವ ಬ್ಯಾಲೆನ್ಸಿಂಗ್ ಮಾತ್ರ ಅಚ್ಚುಕಟ್ಟಾಗಿ ಮಾಡಿದರು. ದರದಲ್ಲಿ ಮೋಸ ಇಲ್ಲ, ಬಿಲ್ ಕೊಡುತ್ತಾರೆ, ಯುಪಿಐ ನಡೆಯುತ್ತದೆ. ಉಬ್ಬಿದ ಟೈರನ್ನು ಮಾರಾಟಕ್ಕೆ ಇಟ್ಟುಕೊಳ್ಳದೆ ನನ್ನೆದುರೇ ಸೈಡಿಗೆ ಬ್ಲೇಡ್ ಹಾಕಿ ಸೀಳಿದರು. ಸಂಜೆ ಆಫೀಸ್ ಬಿಡುವ ಹೊತ್ತಿಗೆ ತುಂಬಾ ರಶ್ ಇರುತ್ತದೆ, ಬೆಳಿಗ್ಗೆಯೇ ಹೋಗಿ. ಟೈರ್ ಬೇಕಿದ್ದರೆ ಸೈಜ್ ಹೇಳಿ ಮೊದಲೇ ತರಿಸಿಡಲು ತಿಳಿಸಿ.