ಅವಳಿ ಹಸುಗೂಸುಗಳೊಂದಿಗೆ ಅಂತ್ಯಕ್ರಿಯೆಗೆ: ವಿಮಾನವೋ, ಕಾರೋ?

ಸಾವಿನ ಸುದ್ದಿ ಬಂದಾಗ ಬೇಗ ತಲುಪಿಸುವ ವಿಮಾನವೇ ಮೊದಲು ನೆನಪಾಗುತ್ತದೆ. ಆದರೆ ಒಬ್ಬರ ಮಡಿಲಲ್ಲಿ ಒಂದೇ ಮಗುವಿಗೆ ಅವಕಾಶವಿರುವುದರಿಂದ, ಒಬ್ಬರೇ ಹೊರಟರೆ ಇನ್ನೊಂದು ಕೂಸಿಗೆ ಪ್ರತ್ಯೇಕ ಟಿಕೆಟ್ ಮತ್ತು ವಿಮಾನದಲ್ಲಿ ಬಳಸಬಹುದಾದ ಶಿಶು ಆಸನ ಬೇಕಾಗುತ್ತದೆ. ಇಬ್ಬರು ಹೋದರೂ, ಹೆಚ್ಚುವರಿ ಆಮ್ಲಜನಕದ ಮಾಸ್ಕ್‌ಗಳು ಸೀಮಿತವಾಗಿರುವ ಕಾರಣ ತಂದೆತಾಯಿ ಬೇರೆ ಬೇರೆ ಸಾಲುಗಳಲ್ಲಿ ಕೂರಬೇಕಾಗಬಹುದು. ಹಾಗಾಗಿ ಹಾಲು, ಡಯಾಪರ್‌ಗಳನ್ನು ಎರಡು ಚೀಲಗಳಿಗೆ ಹಂಚಿಡುವುದು ಒಳ್ಳೆಯದು.

ಕಾರಿನಲ್ಲಿ ಈ ತೊಡಕಿಲ್ಲ. ಆದರೆ ಕೂಸುಗಳನ್ನು ಶಿಶು ಆಸನದಲ್ಲಿ ಸತತವಾಗಿ 2 ಗಂಟೆಗಿಂತ ಹೆಚ್ಚು ಕೂರಿಸಬಾರದು, ಮತ್ತು ಒಂದರ ಹಾಲು ಮುಗಿಯುವಷ್ಟರಲ್ಲಿ ಇನ್ನೊಂದು ಅಳುವುದರಿಂದ ಪ್ರತಿ ನಿಲುಗಡೆಯೂ ಲಂಬಿಸುತ್ತದೆ. ದುಃಖದಲ್ಲಿ ನಿದ್ದೆಗೆಟ್ಟವರು ಸ್ಟಿಯರಿಂಗ್ ಹಿಡಿಯುವುದು ನನಗಂತೂ ಒಪ್ಪಿಗೆಯಿಲ್ಲ. ದಾರಿ ಹಗಲಿನಲ್ಲೇ ಮುಗಿಯುವಂತಿದ್ದು, ಓಡಿಸಲು ಬೇರೆಯವರಿದ್ದರೆ ಕಾರೇ ಲೇಸು. ವಿಧಿಗಳ ನಡುವೆ ಕೂಸುಗಳು ರಚ್ಚೆ ಹಿಡಿದಾಗ ಹಾಲೂಡಿಸಲು ಅದೇ ಮರೆಯ ಜಾಗವಾಗುತ್ತದೆ.